ಕೋಟಿನೊಳಗಿನ ಪ್ಲಾಸ್ಟಿಕ್

ಕಿಲಿಮಂಜಾರೋ ಬುಡದ ಗೇಟಿನಲ್ಲಿ ಹೊರೆ ತೂಗಿಸಲು ಸಾಲಿನಲ್ಲಿದ್ದೆ. ನನ್ನ ಮುಂದೆ ಹಳೆಯ ಹಮಾಲಿ ಎಲಿರಿಂಗಿಯಾ, ಜೊತೆಗೆ ಮೊದಲ ಸಲ ಬೆಟ್ಟ ಹತ್ತುವ ಟೆಮು.

"ಕೋಟು ಜೋರಾಗಿದೆ ಕಣೋ. ಒಳಗೇನೋ ಚರಚರ ಅಂತಿದೆಯಲ್ಲ?" ಎಲಿರಿಂಗಿಯಾ ಕೇಳಿದ.

"ಪ್ಲಾಸ್ಟಿಕ್ ಹಾಳೆ, ಮಾವ. ಮಳೆ ಬಂದ್ರೆ ಇರ್ಲಿ ಅಂತ ಅಮ್ಮ ಸುತ್ತಿ ಕಳಿಸಿದ್ಲು."

"ಬಿಚ್ಚು. ಕೋಟಿನ ಒಳಪದರ ಬೆವರಿನ ಹಬೆ ಹೀರ್ಕೊಂಡು ಹೊರಗೆ ಬಿಡುತ್ತೆ. ನೀನು ಹಬೇನ ಅಲ್ಲೀವರೆಗೆ ಹೋಗೋಕೇ ಬಿಡ್ತಿಲ್ಲ."

"ಓಹೋ, ಕೋಟು ಹೊಲಿದಿದ್ದು ನೀವೇನಾ? ಅಪ್ಪ ಈ ಬೆಟ್ಟದ ಮೇಲೆ ಚಳಿಗೆ ಸತ್ತಿದ್ದು ಮೈ ನೆನೆದೇ ಅಲ್ವಾ?"

"ಹೌದು. ಅವನ ಅಂಗಿ ಹಿಂಡಿದ್ದು ನಾನೇ. ಅವನೂ ಒಳಗೆ ಪ್ಲಾಸ್ಟಿಕ್ ಸುತ್ಕೊಂಡಿದ್ದ."

"ಅಷ್ಟೊಂದು ಮಳೆಯಿತ್ತಾ?"

"ಅವತ್ತು ಮಳೆನೇ ಇರ್ಲಿಲ್ಲ ಕಣೋ."

ತೂಕದವನು ಕೂಗಿದ. ಟೆಮು ಕೋಟು ಬಿಚ್ಚಿ ಹಾಳೆ ಎಳೆದು ತೆಗೆದ. ಅದನ್ನು ತನ್ನ ಹೊರೆಯಾದ ಹಿಟ್ಟಿನ ಚೀಲಕ್ಕೆ ಸುತ್ತಿ, ತೂಗಿಸಿ ಹೊತ್ತುಕೊಂಡ. ಇಬ್ಬರೂ ಗೇಟು ದಾಟಿದರು.