ಮರೆತ ಮಾತು ಹೇಳಿಕೊಟ್ಟವಳು

ಎಪ್ಪತ್ತಮೂರರ ಯುಗಾದಿ ಮುಗಿದ ವಾರ. ಹೊಳಲ್ಕೆರೆಯ ಡಾಕ್ಟರ ಶಾಪಿನಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಅಕ್ಕ ತಂಗಿಯರಿಬ್ಬರು ಕುಳಿತಿದ್ದರು. ತಂಗಿಯ ಮಣಿಕಟ್ಟು ಊದಿಕೊಂಡಿತ್ತು.

"ಡಾಕ್ಟ್ರಿಗಾದ್ರೂ ನಿಜ ಹೇಳೇ ಏಕಾಂತಿ," ಎಂದಳು ಅಕ್ಕ.

"ತಪ್ಪು ನಂದೇ ಅಕ್ಕ. ನಾಟ್ಕದಾಗೆ ಅವ್ರು ಮಾತು ಮರ್ತು ನಿಂತ್ಬಿಟ್ರು. ಮನ್ಯಾಗೆ ದಿನಾ ನಾನೇ ಓದಿ ಕಲಿಸಿದ್ನಲ್ಲ, ಕುಂತಲ್ಲಿಂದ್ಲೇ ಹೇಳಿಕೊಟ್ಟೆ. ಜನ ಎಲ್ಲಾ ನಕ್ರು."

"ಅದಕ್ಕೆ ಕೈ ತಿರುವೋದಾ?"

"ಓದು ಬರ್ತದೆ ಅಂತ ಜಂಬ ನಿಂಗೆ ಅಂದ್ರು."

"ಜಂಬ ಯಾರ್ದೇ? ನಾಟ್ಕ ಮುಗ್ದು ಎರಡು ದಿನ ಆತು, ನಿನ್ನ ಗಂಡ ಇನ್ನೂ ಹುಬ್ಬಿನ ಕಾಡಿಗೆ ತೊಳ್ದಿಲ್ಲ!"

"ನಗಸಬ್ಯಾಡ, ಕೈ ನೋಯ್ತೈತೆ."

"ನಮ್ಮತ್ತೇನೂ ತಾನೇ ಹೆಚ್ಚು ಅಂತಾಳೆ. ಹೊಗಳದಿದ್ರೆ ಮಕ ಊದಿಸ್ಕಂಡು ಉಣ್ಣದೆ ಮಲಗ್ತಾಳೆ, ಅಷ್ಟೇ. ಗಂಡಸ್ರಿಗೆ ಆ ರೋಗ ಬಂದ್ರೆ ಕೈಗೆ ಇಳೀತದೆ ಕಣೇ."

"ಮೆಲ್ಲಗೆ, ಅಕ್ಕ. ಬಂದ್ರು."

ಬಿಳಿ ಜುಬ್ಬದ ಗಂಡಸೊಬ್ಬ ಒಳಬಂದು, ಅವರಿಬ್ಬರನ್ನು ಬಿಟ್ಟು ನನ್ನನ್ನು ನೋಡಿದ.

"ಏನು ಮಾತಾಡ್ತಿದ್ರು ಇವ್ರು?"

ಉತ್ತರ ಕೊಟ್ಟವಳು ಏಕಾಂತಿಯೇ.

"ನಿಮ್ಮ ಪಾತ್ರದ್ದೇ ರೀ. ನಿಮ್ಮಂಗೆ ಯಾರೂ ಮಾಡ್ಲಿಲ್ಲ ಅಂತಿದ್ಲು ಅಕ್ಕ."

ಅವನ ಮುಖ ಅರಳಿತು. ಅವರಿಬ್ಬರ ನಡುವೆ ಜಾಗ ಮಾಡಿಕೊಂಡು ಕುಳಿತ.

"ಹೂಂ. ಇನ್ನೂ ಏನಂದ್ಲು?"

ಅಷ್ಟರಲ್ಲಿ ಕಾಂಪೌಂಡರ್ ಬಾಗಿಲಿಗೆ ಬಂದ. "ಕೈಗೆ ಏನಾತಮ್ಮ?"

"ಬಚ್ಚಲಾಗೆ ಜಾರಿಬಿದ್ದೆ."

ಅಕ್ಕ ನನ್ನತ್ತ ನೋಡಿದಳು. ನಾನು ಏನೂ ಕೇಳಿಸಿಕೊಳ್ಳದವಳಂತೆ ತಲೆ ತಗ್ಗಿಸಿದೆ. ಮೂವರೂ ಒಳಗೆ ಹೋದರು.