ಮೂವತ್ತನಾಲ್ಕನೇ ಗಂಟು

ಇದು ನಮ್ಮ ಚಿಕ್ಕಮ್ಮನ ಮಗ ಫಿಂಟನ್‌ಗೆ ಆದದ್ದು. ಅವರಿವರು ಹೇಳಿದ್ದಲ್ಲ, ಅವನ ಬಾಯಿಂದಲೇ ಕೇಳಿದ್ದು. ದೀಪ ಸಣ್ಣದು ಮಾಡಿ... ಹೇಳುತ್ತೇನೆ.

ಆಗ ಅವನು ಕ್ಯಾರಿಕ್ ಊರಲ್ಲಿ ಹ್ಯಾಕೆಟ್ ಎಂಬ ಯಜಮಾನರ ಕೈಕೆಳಗೆ ಮನೆ ಕಟ್ಟುವ ವಿದ್ಯೆ ಕಲಿಯುತ್ತಿದ್ದ. ಏಳು ವರ್ಷದ ಕರಾರು, ಆರು ಮುಗಿದಿತ್ತು. ಕಲ್ಲುಕುಟಿಗನ ಮಗ ನಕ್ಷೆ ಬರೆಯುವವನಾಗುವುದೆಂದರೆ ಹುಡುಗಾಟವೇ? ಆದರೆ ಹಿಂದಿನ ತಿಂಗಳು ಅವನ ಅಳತೆ ಅರ್ಧ ಅಡಿ ತಪ್ಪಿ, ಒಂದು ಬಾಗಿಲ ಚೌಕಟ್ಟೇ ಕೂರಲಿಲ್ಲ. "ಇನ್ನೊಂದ್ಸಲ ತಪ್ಪಿದ್ರೆ ಕರಾರು ಹರಿದುಹಾಕ್ತೀನಿ, ನಿಮ್ಮಪ್ಪನ ಜೊತೆ ಕಲ್ಲು ಒಡಿ" ಎಂದಿದ್ದರು ಯಜಮಾನರು.

ನವೆಂಬರ್ ತಿಂಗಳು. ಒಂದು ಪಾಳುಮನೆಯನ್ನು ಅಳೆದು ಅವನೂ ಜೊತೆಗಾರ ಡೋನಲ್ಲೂ ಕತ್ತಲಲ್ಲಿ ಮರಳುತ್ತಿದ್ದರು. ಸಂತ ಬ್ರಿಜಿಡಳ ಬಾವಿಯ ಹತ್ತಿರ ಫಿಂಟನ್ ಗಕ್ಕನೆ ನಿಂತ.

"ನೆಲಮಾಳಿಗೆ ಉದ್ದ ಬರ್ಕೊಂಡ್ಯಾ?"

"ನೀನು ಬರ್ಕೊಂಡೆ ಅಂದ್ಕೊಂಡೆ..."

"ಸತ್ತೆ ಕಣೋ! ಬೆಳಗ್ಗೆ ನಕ್ಷೆ ಕೊಡ್ಬೇಕು."

"ಅಂದಾಜಲ್ಲಿ ಬರಿ ಮಾರಾಯ. ಅಲ್ಲಿಗೆ ಇಲೀನೂ ಇಳಿಯಲ್ಲ."

"ಅಂದಾಜು ಮಾಡೇ ತಾನೆ ಹೋದ್ಸಲ ಉಗಿಸ್ಕೊಂಡಿದ್ದು? ನಡಿ."

ಅಳೆಯುವ ಹಗ್ಗಕ್ಕೆ ಅಡಿಗೊಂದು ಗಂಟು. ಒಬ್ಬ ತುದಿಯನ್ನು ಆಚೆ ಗೋಡೆಗೆ ಒತ್ತಿ ಎರಡು ಸಲ ಜಗ್ಗಬೇಕು. ಈಚೆಯವನು ಗಂಟು ಎಣಿಸಬೇಕು. ಕಲ್ಲುಕುಟಿಗರಲ್ಲಿ ಒಂದು ಕಟ್ಟುಪಾಡಿದೆ... ತುದಿಯನ್ನು ಕೈಗೆ ಕೊಡಬೇಕು, ಕತ್ತಲಿಗೆ ಎಸೆಯಬಾರದು.

ಪಾಳುಮನೆಗೆ ಮರಳಿ, ಫಿಂಟನ್ ಮುಂದಾಗಿ ಮೆಟ್ಟಿಲಿಳಿದು ಈಚೆ ಗೋಡೆ ಮುಟ್ಟುವಷ್ಟರಲ್ಲಿ ಅವನ ಕೈಯ ಮೇಣದಬತ್ತಿ ಫುಸ್ ಎಂದು ಆರಿತು. ಪಕ್ಕದಲ್ಲೇ ಹೆಜ್ಜೆ ಸದ್ದು. ಪಟ್... ಪಟ್... ಡೋನಲ್ ಮುಂದೆ ಹೋದನೆಂದುಕೊಂಡ. ಅವಸರ ನೋಡಿ, ತುದಿಯನ್ನು ಎಸೆದೇಬಿಟ್ಟ.

ಹಗ್ಗ ಸರಸರ ಸರಿಯಿತು. ನಿಂತಿತು. ಎರಡು ಸಲ ಜಗ್ಗಿತು.

ಬೆರಳಲ್ಲೇ ಎಣಿಸಿದ. ಮೂವತ್ತನಾಲ್ಕು.

"ಬಿಡೋ" ಎಂದು ಪಿಸುಗುಟ್ಟಿದ.

ಬಿಡಲಿಲ್ಲ.

"ಸರಿಯಾಗಿ ಎಣಿಸು..." ಎಂದಿತು ಆಚೆಯ ದನಿ. ಡೋನಲ್‌ನ ದನಿಯಲ್ಲ. ಅಳು ನುಂಗಿಕೊಂಡ ಎಳೆಯ ದನಿ.

ಹಗ್ಗ ಬಿಟ್ಟು ಓಡೋಣವೆಂದುಕೊಂಡ ಫಿಂಟನ್. ಆದರೂ ಎಣಿಸಿದ. ಮತ್ತೆ ಮೂವತ್ತನಾಲ್ಕು. ಹಗ್ಗ ಸಡಿಲವಾಯಿತು. ಅದನ್ನು ಅಲ್ಲೇ ಬಿಟ್ಟು, ಎದ್ದೆನೋ ಬಿದ್ದೆನೋ ಎಂದು ಮೇಲಕ್ಕೆ ಓಡಿದ.

ಡೋನಲ್ ಹೊರಗಿನ ಗೇಟಿನ ಹತ್ತಿರ ನಿಂತಿದ್ದ.

"ನೀನು... ಕೆಳಗಿದ್ದೆ ತಾನೆ?"

"ನಾನೆಲ್ಲಿ ಬಂದೆ? ಮೇಲಿಂದ್ಲೇ ಬತ್ತಿ ಆರಿದ್ದು ಕಂಡು ಹೊರಗೆ ಓಡಿಬಂದೆ. ತಪ್ಪಾಯ್ತು ಕಣೋ..."

ರಾತ್ರಿಯೆಲ್ಲ ಕೂತು ನಕ್ಷೆ ಬರೆದ. ಬೇರೆ ಅಂಕಿ ಬರೆಯಲು ಕೈ ಬರಲಿಲ್ಲ. ಮೂವತ್ತನಾಲ್ಕೆಂದೇ ಬರೆದ.

ಬೆಳಗ್ಗೆ ಯಜಮಾನರು ಅವನನ್ನು ಕರೆದುಕೊಂಡು ಹೋಗಿ, ತಾವೇ ಕೋಲು ಹಿಡಿದು ಅಳೆದರು. ಇಪ್ಪತ್ತಾರು ಅಡಿಗೆ ಗೋಡೆ ಅಡ್ಡ ಬಂತು.

"ಎಂಟಡಿ ತಪ್ಪೇನೋ! ಗಂಟು ಮೂಟೆ ಕಟ್ಟು."

ಇನ್ನು ಕಳೆದುಕೊಳ್ಳುವುದೇನಿದೆ? "ಗೋಡೆ ಒಡೆಸಿ ನೋಡಿ, ಯಜಮಾನ್ರೇ" ಎಂದ ಫಿಂಟನ್. "ಸುಳ್ಳಾದ್ರೆ ನಾನೇ ಕರಾರು ಹರಿದು ಹೋಗ್ತೀನಿ."

ಅವನ ಮುಖ ನೋಡಿ ಯಜಮಾನರು ಆಳುಗಳನ್ನು ಕರೆದು ಒಡೆಸಿದರು. ಗೋಡೆಯ ಹಿಂದೆ ಒಂದು ಕಿರುಕೋಣೆ. ಗೋಡೆಯ ದಪ್ಪವೂ ಸೇರಿ ಸರಿಯಾಗಿ ಎಂಟಡಿ. ಬಾಗಿಲಿಲ್ಲ, ಕಿಟಕಿಯಿಲ್ಲ. ಒಂದು ಮೂಳೆಯೂ ಇಲ್ಲ.

ಕರಾರು ಉಳಿಯಿತು. ಮುಂದೆ ಫಿಂಟನ್ ಎಷ್ಟೋ ದೊಡ್ಡ ಮನೆ ಕಟ್ಟಿಸಿದ. ನೆಲಮಾಳಿಗೆಯಿದ್ದ ಮನೆ ಮಾತ್ರ ಒಂದೂ ಇಲ್ಲ.

ಆ ಕೋಣೆಯ ಆಚೆ ಗೋಡೆಯನ್ನು ನಾನೂ ನೋಡಿದ್ದೇನೆ, ದೇವರಾಣೆ. ಆ ಮನೆಯದೇ ನಕ್ಷೆ ಅಲ್ಲಿದೆ, ಹಿಂದೆಂದೋ ವಿದ್ಯೆ ಕಲಿಯುತ್ತಿದ್ದ ಹುಡುಗನೊಬ್ಬನ ಸೊಟ್ಟ ಬರಹದಲ್ಲಿ. ನೆಲಮಾಳಿಗೆಯ ಉದ್ದವನ್ನು ಎಷ್ಟೋ ಸಲ ಬರೆದು ಹೊಡೆದುಹಾಕಿದ್ದಾನೆ. ಹೊಡೆಯದೆ ಉಳಿದ ಕೊನೆಯದು ಮೂವತ್ತನಾಲ್ಕು. ಮಿಕ್ಕ ಅಂಕಿಗಳೆಲ್ಲ ಮಾಸಿಹೋಗಿದ್ದವು. ಗೋಡೆ ಒಡೆಸಿದ ಆವತ್ತು ಯಜಮಾನರು ಮೂವತ್ತನಾಲ್ಕನ್ನು ಮುಟ್ಟಿದಾಗ ಅವರ ಬೆರಳಿಗೆ ಹಸಿ ಶಾಯಿ ಹತ್ತಿತು.