ಅಧ್ಯಕ್ಷರ ಗಂಡನ ವಂದನಾರ್ಪಣೆ

ಇವತ್ತಿನ ಸಭೆಯ ಅಧ್ಯಕ್ಷರೂ, ನಮ್ಮ ಪಂಚಾಯ್ತಿ ಅಧ್ಯಕ್ಷರೂ ಆದ ಶ್ರೀಮತಿ ಮಹಾದೇವಮ್ಮನವರೇ, ರಾಜ್ಯಶಾಸ್ತ್ರದ ಸುಮಿತ್ರಾ ಮೇಡಂ ಅವರೇ, ರಜೆ ಬಿಟ್ಟು ಬೇಸಿಗೆ ಕ್ಲಾಸಲ್ಲಿ ಓದಿದ ಆರ್ಟ್ಸ್ ಮಕ್ಕಳೇ, ಈ ತಗಡಿನ ಶೀಟಿನ ಕೆಳಗೆ ಬೇಯ್ತಾ ಕುಂತಿರೋ ಸಭಿಕರೇ, ಎಲ್ರಿಗೂ ಶರಣು.

ನಾನು ಜುಂಜೇಶ. ಅಧ್ಯಕ್ಷರ ಗಂಡ. ಓದಿದ್ದು ಐದನೇ ಕ್ಲಾಸು. ಅದಕ್ಕೇ ನನಗೆ ಕೊನೇ ಕೆಲಸ ಕೊಟ್ಟವ್ರೆ, ವಂದನಾರ್ಪಣೆ. ಆ ಕಡೆಯಿಂದ ಪಲಾವ್ ವಾಸನೆ ಬರ್ತೈತೆ, ನನಗೂ ಮೂಗೈತೆ. ಬೇಗ ಮುಗಿಸ್ತೀನಿ.

ಮೊದಲು ಮೇಡಂಗೆ ವಂದನೆ. ಫೇಲಾದ ಮಕ್ಕಳಿಗೆ ವರ್ಷದ ಪಾಠನೆಲ್ಲ ಒಂದೇ ಬೇಸಿಗೇಲಿ ಹೇಳೋದು ಆಟನಾ? ಬೆಳಗ್ಗೆ ಸಂವಿಧಾನ, ಮಧ್ಯಾಹ್ನ ವಿಧಾನಸಭೆ, ಸಂಜೆ ಟೆಸ್ಟು. ಕುರಿ ಮಂದೆ ಹೊಡ್ಕೊಂಡು ಹೋದಂಗೆ ಹೋದ್ರು, ಒಂದೂ ತಪ್ಪಿಸ್ಕಳ್ಳಿಲ್ಲ.

ಪಂಚಾಯ್ತಿ ಪಾಠ ಬಂದಾಗ ಮೇಡಂ ನಮ್ಮ ಅಧ್ಯಕ್ಷರನ್ನ ಕರೆದ್ರು. ಹೋದೋನು ನಾನು! ಅದರಲ್ಲೇನು ವಿಶೇಷ? ಹಿರಿಯೂರು ಮೀಟಿಂಗಿಗೂ ನಾನೇ, ದುರ್ಗದ ಮೀಟಿಂಗಿಗೂ ನಾನೇ. ಆಯಮ್ಮ ಮನೇಲಿ ಮುದ್ದೆ ತಿರುವೋಳು, ನಾನು ಹೊರಗೆ ಮೀಸೆ ತಿರುವೋನು. ಅವತ್ತೂ ಇಸ್ತ್ರಿ ಅಂಗಿ ಹಾಕ್ಕಂಡು ಕುರ್ಚಿ ಮೇಲೆ ಕುಂತು, ನೀರು, ಲೈಟು, ಗ್ರಾಮಸಭೆ ಅಂತ ಬಿಟ್ಟೆ ನೋಡ್ರಿ!

ಹಿಂದಿನ ಬೆಂಚಿಂದ ಈ ಅನುಷಾ ಎದ್ದಳು. "ಸಾರ್, ಜನ ಓಟು ಹಾಕಿದ್ದು ನಿಮಗಾ, ಅಕ್ಕಂಗಾ?"

"ಓಟು ಅವಳಿಗವ್ವ, ಓಡಾಟ ನಂದು" ಅಂದೆ. ಎಲ್ರೂ ನಕ್ಕರು. ಈಕೆ ನಗಲಿಲ್ಲ.

"ಪರೀಕ್ಷೇಲಿ ಹಂಗೇ ಬರೀಲಾ ಮೇಡಂ?"

"ಬರಿ, ಸೊನ್ನೆ ಕೊಡ್ತಾರೆ" ಅಂದ್ರು ಮೇಡಂ.

ಒಳ್ಳೇ ತಮಾಷೆ ಅಂತ ರಾತ್ರಿ ಉಣ್ಣೋವಾಗ ಮನೇಲಿ ಹೇಳಿದೆ. ನಮ್ಮ ಅಧ್ಯಕ್ಷರೂ ನಗಲಿಲ್ಲ. ಸಾರು ಬಡಿಸ್ತಾ ಕೇಳಿದ್ಲು, "ನಾಳೆ ಕ್ಲಾಸು ಎಷ್ಟೊತ್ತಿಗೆ?"

ಮಾರನೇ ದಿನ ಹೋಗಿ ಅನುಷಾ ಪಕ್ಕ ಕುಂತಳು. ಪಾಠ ಮುಗಿಯೋ ತನಕ ದಿನಾ ಹೋದ್ಲು. ಹೋಗ್ಲಿ, ಮನೇಲಿ ಬೇಜಾರು ಅಂತ ಸುಮ್ನಿದ್ದೆ. ಆಮೇಲೆ ಪಂಚಾಯ್ತಿ ಮೀಟಿಂಗ್ ಬಂತು. ನಾನು ಅಭ್ಯಾಸದಂಗೆ ಹೋಗಿ ಕುರ್ಚಿ ಮೇಲೆ ಕುಂತೆ. ಬಾಗಿಲಲ್ಲಿ ಆಯಮ್ಮ!

"ಏಳ್ರಿ. ಅದು ನನ್ ಕುರ್ಚಿ."

ಮೆಂಬರುಗಳೆಲ್ಲ ಫ್ಯಾನು ನೋಡ್ತವ್ರೆ. "ನಿನಗೇ ಬಿಸಿ ಮಾಡಿ ಇಟ್ಟಿದ್ದೆ ಕಣೇ" ಅಂದೆ. ಯಾರೂ ನಗಲಿಲ್ಲ. ನನ್ನ ಜೋಕಿಗೆ ನಮ್ಮೂರು ನಗದೇ ಇದ್ದಿದ್ದು ಅವತ್ತೇ ಮೊದಲು.

ಎದ್ದು ಬಂದೆ. ಹೊರಗೆ ಬೇವಿನ ಮರದ ಕೆಳಗೆ ನಿಂತೆ. ಟೀ ತಂದ್ಕೊಂಡೆ, ಕುಡೀಲಿಲ್ಲ. ಕಿಟಕೀಲಿ ಆಕೆ ಮಾತು ಕೇಳ್ತಿತ್ತು. ಬಸ್ ಸ್ಟ್ಯಾಂಡಿಗೆ ಲೈಟು ಹಾಕ್ರಿ, ಸಂಜೆ ಬಸ್ಸಿಗೆ ಹೆಣ್ಮಕ್ಕಳು ಕತ್ತಲಲ್ಲಿ ನಿಂತ್ಕತಾವೆ ಅಂತಿದ್ಲು. ಇಷ್ಟು ವರ್ಷ ಒಂದೇ ಮನೇಲಿ ಉಂಡಿದೀವಿ ಸ್ವಾಮಿ, ಆಕೆ ಅಷ್ಟುದ್ದ ಮಾತಾಡಿದ್ದು ನಾನು ಕೇಳೇ ಇರ್ಲಿಲ್ಲ. ಮಾತಾಡಾಕೆ ನಾನು ಸಂದು ಬಿಟ್ಟಿದ್ರೆ ತಾನೆ? ಟೀ ಆರಿಹೋಯ್ತು.

ಇರ್ಲಿ. ವಂದನೆ ಹೇಳಾಕೆ ಬಂದು ಮನೆ ಸುದ್ದಿ ಶುರು ಮಾಡ್ದೆ. ಅಡುಗೆಯೋರಿಗೆ, ಮೈಕಿನೋರಿಗೆ, ಬಿಸಿಲು ತಡ್ಕಂಡ ನಿಮಗೆ ವಂದನೆ. ಮಕ್ಕಳೇ, ಪರೀಕ್ಷೇಲಿ ಆ ಪ್ರಶ್ನೆ ಬಂದ್ರೆ ಸರಿಯಾಗಿ ಬರೀರಿ. ನನ್ನ ಹೆಸರು ಬರೆದು ಮಾರ್ಕ್ಸ್ ಕಳ್ಕಬೇಡ್ರಿ. ಇನ್ನೊಂದು ಮಾತೈತೆ, ಅದೇನಪ್ಪಾ ಅಂದ್ರೆ...

ಕೇಳಿಸ್ತಾ? ಅಧ್ಯಕ್ಷರು ಬೆಲ್ಲು ಹೊಡೆದ್ರು. ಆಯ್ತು ಅಧ್ಯಕ್ಷರೇ, ಕುಂತ್ಕತೀನಿ. ಅಲ್ಲಲ್ಲ, ಸ್ಟೇಜಿನ ಮೇಲಲ್ಲ, ಕೆಳಗೆ, ಜನದ ಜೊತೆ.

ನಮಸ್ಕಾರ.